ಐತಿ ಅಂದರೆ ಇದೆ

ಹೊಸ ವಿಡಿಯೋ ಬಂದ ದಿನ ಮನೆಮಂದಿ ಕೂಡಿ ನೋಡುವುದನ್ನೂ ಒಂದು ಸಣ್ಣ ವಿಡಿಯೋ ಮಾಡಿ ಹಾಕೋಣ ಎಂದು ಸಾಗರ ಹೇಳಿದ್ದರಿಂದ, ತನ್ನ ಅಕ್ಕ ಹೇಗೆ ನಗುತ್ತಾಳೆ ಎಂಬುದು ಭೀಮಶಿಗೆ ಗೊತ್ತಾಯಿತು. ಇಲ್ಲವಾದರೆ ಗೊತ್ತಾಗುತ್ತಲೇ ಇರಲಿಲ್ಲ.

ಭೀಮಶಿ ಸಂಪಗಾಂವದವನು. ಬೈಲಹೊಂಗಲದ ಬಜಾರಿನಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ವಾರವೆಲ್ಲ ಒಡೆದ ಗಾಜು ಬದಲಿಸುವುದು, ರವಿವಾರ ಬಂತೆಂದರೆ ಗೆಳೆಯ ಸಾಗರನನ್ನು ಕಟ್ಟಿಕೊಂಡು ನಗೆ ವಿಡಿಯೋ ಮಾಡುವುದು. ಅತ್ತೆ ಸೊಸೆಯ ಜಗಳ, ಹೊಲದ ಬದುವಿನ ಜಗಳ, ಬೀಗರು ಬಂದಾಗಿನ ಫಜೀತಿ, ಇಂಥವೇ. ಕಥೆ ಭೀಮಶಿಯದು, ಕ್ಯಾಮೆರಾ ಸಾಗರನದು. ಅತ್ತೆಯ ಪಾತ್ರ ಭೀಮಶಿಯ ತಾಯಿ ಶಟ್ಟೆವ್ವನದು. ಮೊದಲ ಸಲ ಯಾರೂ ಸಿಗದೆ ಅವಳನ್ನು ಎಳೆದು ನಿಲ್ಲಿಸಿದ್ದ. ಈಗ ಜನ ನೋಡುವುದೇ ಅವಳಿಗಾಗಿ. ಸವದತ್ತಿ ಕಡೆಗೋ ಕಿತ್ತೂರ ಕಡೆಗೋ ಮದುವೆಗೆ ಹೋದರೆ ಗುರುತಿಲ್ಲದ ಹೆಂಗಸರು ಬಂದು ಅವಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಕ್ಕ ದುರ್ಗಾಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಸಣ್ಣವಳಿದ್ದಾಗಲೇ ದೂರದ ವಸತಿ ಶಾಲೆಗೆ ಹೋಗಿ ಹತ್ತನೆಯವರೆಗೆ ಓದಿ ಬಂದವಳು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಊರಿನ ಅರ್ಧ ಹೆಂಗಸರ ಜಂಪರು ಅವಳ ಕೈಯಲ್ಲೇ ಆಗುತ್ತಿದ್ದವು. ಮನೆಯಲ್ಲಿ ತಮ್ಮದೇ ಒಂದಿಷ್ಟು ಕೈಸನ್ನೆ ಇತ್ತು: ಉಣ್ಣುವುದಕ್ಕೆ, ಮಲಗುವುದಕ್ಕೆ, ಎಮ್ಮೆಗೆ, ನೀರು ಬಂತು ಎಂಬುದಕ್ಕೆ. ಅದಕ್ಕಿಂತ ಉದ್ದನೆಯ ಮಾತಿದ್ದರೆ ಭೀಮಶಿ ಅವಳ ಮೊಬೈಲಿಗೆ ಬರೆದು ಕಳಿಸುತ್ತಿದ್ದ. "ಅಕ್ಕಾ, ನಾನು ಇಂದು ತಡವಾಗಿ ಬರುತ್ತೇನೆ." ಅವಳಿಂದ ಉತ್ತರ ಬರುತ್ತಿತ್ತು: "ಆಯಿತು. ರೊಟ್ಟಿ ಮುಚ್ಚಿ ಇಡುತ್ತೇನೆ."

ಸೋಮವಾರ ಅಂಗಡಿಯಲ್ಲಿ ಕುಳಿತು, ಮನೆಮಂದಿ ವಿಡಿಯೋ ನೋಡುವ ಆ ತುಣುಕನ್ನು ಕತ್ತರಿಸುವಾಗ ಭೀಮಶಿ ಅದನ್ನು ನಿಧಾನ ಮಾಡಿ ನೋಡಿದ. ಪಡಸಾಲೆಯ ತುಂಬ ಓಣಿಯ ಹೆಂಗಸರು, ಹುಡುಗರು. ಎಲ್ಲರ ಕಣ್ಣು ಟಿವಿಯ ಮೇಲೆ. ದುರ್ಗಾಳ ಕಣ್ಣು ಮಾತ್ರ ಅವ್ವನ ಮುಖದ ಮೇಲಿತ್ತು. ಅವ್ವನ ತುಟಿ ಅರಳಿದ ಮೇಲೆ ಇವಳ ತುಟಿ ಅರಳುತ್ತಿತ್ತು. ಅವ್ವ ಹೊಟ್ಟೆ ಹಿಡಿದುಕೊಂಡು ಬಾಗಿದರೆ ಇವಳೂ ಬಾಗುತ್ತಿದ್ದಳು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಾಗ ಇವಳ ಕೈಯೂ ಸೆರಗಿಗೆ ಹೋಯಿತು.

"ಏನಾತಲೇ, ಹಿಂಗ್ಯಾಕ ಕುಂತಿ?" ಎಂದ ಸಾಗರ.

"ನಮ್ಮಕ್ಕ ನಮ್ಮ ವಿಡಿಯೋ ಒಂದೂ ನೋಡಿಲ್ಲಲೇ."

"ಎಲ್ಲಾರಕಿಂತ ಮೊದಲ ಬಂದ ಕುಂದರ್ತಾಳಲಾ?"

"ಬಂದ ಕುಂದರ್ತಾಳ. ನೋಡಿಲ್ಲ."

ಅಂದು ಅವನಿಗೆ ಬೇರೆ ಕೆಲಸ ಹತ್ತಲಿಲ್ಲ. ಮೊಬೈಲಿನಲ್ಲಿ ಒಂದು ಆ್ಯಪ್ ಇತ್ತು. ಮಾತು ಕೇಳಿ ತಾನೇ ಕೆಳಗೆ ಅಕ್ಷರ ಮೂಡಿಸುತ್ತದೆ ಎಂದು ಯಾರೋ ಹೇಳಿದ್ದರು. ಹಾಕಿ ನೋಡಿದ. ಶಟ್ಟೆವ್ವ "ಎಲ್ಲಿ ಹೊಂಟಿ?" ಎಂದರೆ ಅದು "ಎಲ್ಲಿ ಹೊಟ್ಟೆ?" ಎಂದು ಬರೆಯಿತು. ಸಾಗರ ಬಿದ್ದು ಬಿದ್ದು ನಕ್ಕ. ಭೀಮಶಿಗೆ ನಗು ಬರಲಿಲ್ಲ. ಅದನ್ನು ಅಳಿಸಿ ತಾನೇ ಒಂದೊಂದು ಮಾತನ್ನೂ ಕೇಳಿ ಬರೆಯಲು ಕುಳಿತ. ಅಕ್ಕನಿಗೆ ತಿಳಿಯಬೇಕೆಂದು ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿದ. ಆ ವಿಡಿಯೋದಲ್ಲಿ ಜನ ಅತಿ ಹೆಚ್ಚು ನಕ್ಕಿದ್ದು ಸೊಸೆ ಚಹಾ ತರಲು ತಡ ಮಾಡಿದಾಗ ಅತ್ತೆ ಆಡುವ ಮಾತಿಗೆ. ಅದನ್ನು ಅವನು ಹೀಗೆ ಬರೆದ: "ನೀನು ಚಹಾ ತರುವಷ್ಟರಲ್ಲಿ ನಾನು ತೀರಿಕೊಂಡಿರುತ್ತೇನೆ."

ದುರ್ಗಾ ಗಂಭೀರವಾಗಿ ಕೊನೆಯವರೆಗೂ ಓದಿದಳು. ಆಮೇಲೆ ಮೊಬೈಲಿನಲ್ಲಿ ಬರೆದಳು: "ಇದರಲ್ಲಿ ನಗುವಂಥದ್ದು ಏನಿದೆ? ಅವ್ವ ಸಾಯುವ ಮಾತು ಯಾಕೆ ಆಡುತ್ತಾಳೆ? ಅವಳಿಗೆ ಮೈಯಲ್ಲಿ ಆರಾಮ ಇಲ್ಲವೇ?"

ಭೀಮಶಿ ತಲೆ ಕೆರೆದುಕೊಂಡ. ಅವಳು ಹೇಳಿದ್ದು ಖರೆ ಇತ್ತು. ಹಾಗೆ ಬರೆದರೆ ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಅವನು ಮತ್ತೆ ಕುಳಿತು, ಅವ್ವನ ಬಾಯಿಂದ ಹೇಗೆ ಬಂದಿತ್ತೋ ಹಾಗೆಯೇ ಅಕ್ಷರಕ್ಕೆ ಇಳಿಸಿದ.

"ಎಲ್ಲಿ ಐತಿ ಚಾ? ಯವ್ವಾ, ನೀ ಚಾ ತರೂದರಾಗ ನನ್ನ ಫೋಟೋಕ್ಕ ಹಾರ ಹಾಕಿ ಗ್ವಾಡಿಗಿ ತೂಗ ಹಾಕಿರ್ತಾರ!"

ದುರ್ಗಾ ಮೊದಲ ಸಾಲಿನಲ್ಲೇ ನಿಂತಳು. ವಿಡಿಯೋ ನಿಲ್ಲಿಸಿ ಬರೆದಳು: "ಐತಿ ಎಂದರೇನು? ಯಾರದಾದರೂ ಹೆಸರೇ?"

"ಐತಿ ಅಂದರೆ ಇದೆ."

"ಹಾಗಾದರೆ ಇದೆ ಎಂದೇ ಬರೆಯಬೇಕಿತ್ತು."

"ಅವ್ವ ಇದೆ ಅನ್ನುವುದಿಲ್ಲ."

"ಎಂದೂ ಅನ್ನುವುದಿಲ್ಲವೇ?"

"ಎಂದೂ ಇಲ್ಲ. ನಾನೂ ಅನ್ನುವುದಿಲ್ಲ. ಇಡೀ ಊರಿನಲ್ಲಿ ಯಾರೂ ಅನ್ನುವುದಿಲ್ಲ."

ಅವಳು ಎದ್ದು ಬಂದು ಅವನ ಗದ್ದ ಹಿಡಿದು ಬೆಳಕಿನ ಕಡೆಗೆ ತಿರುಗಿಸಿದಳು. ಹೇಳು ಎಂದು ಸನ್ನೆ ಮಾಡಿದಳು. ಅವನು "ಐತಿ" ಎಂದ. ಇನ್ನೊಂದನ್ನು ಹೇಳು ಎಂದಳು. "ಇದೆ" ಎಂದ. ಮೊದಲಿನದು ಬಾಯಿ ತೆರೆದು ಶುರುವಾಗುತ್ತಿತ್ತು, ಎರಡನೆಯದು ತುಟಿ ಹಿಗ್ಗಿಸಿ. ಅವಳು ಅವನನ್ನು ಬಿಟ್ಟು ಅಡಿಗೆಮನೆಗೆ ಓಡಿ, ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಎಬ್ಬಿಸಿ ಕರೆತಂದಳು.

"ಏನ ಆತೋ ಭೀಮ್ಯಾ ಇದಕ್ಕ? ರೊಟ್ಟಿ ಹೊತ್ತಾಕತ್ತೇತಿ," ಎಂದಳು ಶಟ್ಟೆವ್ವ.

"ಐತಿ ಅನ್ನಬೇಕಂತ ನೀ."

"ಏನ ಐತಿ?"

"ಏನೂ ಇಲ್ಲಬೇ. ಬರೇ ಐತಿ ಅನ್ನ."

ಹಿಟ್ಟಿನ ಕೈ ಎತ್ತಿ ಹಿಡಿದುಕೊಂಡು ಶಟ್ಟೆವ್ವ "ಐತಿ, ಐತಿ, ಐತಿ" ಎಂದಳು. ದುರ್ಗಾ ಕಣ್ಣು ಮಿಟುಕಿಸದೆ ನೋಡಿದಳು. ಬಳಿಕ ಭೀಮಶಿಯಿಂದ ಒಂದೊಂದೇ ಮಾತು ಬರೆಸಿಕೊಂಡು ಅವ್ವನಿಂದ ಆಡಿಸಿದಳು. ಮಾಡುತ್ತಿದ್ದಾಳೆ ಅಲ್ಲ, ಮಾಡಾಕತ್ತಾಳ. ಕುಳಿತಿದ್ದಾರೆ ಅಲ್ಲ, ಕುಂತಾರ. ಮನೆ ಅಲ್ಲ, ಮನಿ. ಶಾಲೆ ಅಲ್ಲ, ಸಾಲಿ. ಒಳಗೆ ರೊಟ್ಟಿ ಪೂರ್ತಿ ಕರಕಾಗಿ ವಾಸನೆ ಬರತೊಡಗಿದರೂ ಬಿಡಲಿಲ್ಲ.

ಆಮೇಲೆ ಹೊಲಿಗೆ ಯಂತ್ರದ ಮುಂದೆ ಕುಳಿತು ಬಹಳ ಹೊತ್ತು ಬರೆದಳು. ಭೀಮಶಿಯ ಮೊಬೈಲು ಟಿಂಗ್ ಎಂದಿತು.

"ಶಾಲೆಯಲ್ಲಿ ಬಾಯಿ ನೋಡಿ ಮಾತು ತಿಳಿಯುವುದರಲ್ಲಿ ನಾನೇ ಮೊದಲು. ಟೀಚರು ನನ್ನನ್ನು ನಿಲ್ಲಿಸಿ ಉಳಿದವರಿಗೆ ತೋರಿಸುತ್ತಿದ್ದರು. ರಜೆಗೆ ಊರಿಗೆ ಬಂದರೆ ಒಂದೂ ತಿಳಿಯುತ್ತಿರಲಿಲ್ಲ. ನನ್ನ ಅವ್ವನ ಬಾಯಿಯೇ ನನಗೆ ತಿಳಿಯುವುದಿಲ್ಲ, ನಾನು ದಡ್ಡಿ ಎಂದು ತಿಳಿದಿದ್ದೆ. ನಾನು ದಡ್ಡಿ ಅಲ್ಲ ಭೀಮಶಿ. ನೀವು ಬೇರೆ ಮಾತು ಆಡುತ್ತಿದ್ದಿರಿ. ಯಾರೂ ನನಗೆ ಹೇಳಲಿಲ್ಲ."

ಭೀಮಶಿ ಅದನ್ನು ಓದಿ ಅಂಗಳಕ್ಕೆ ಹೋಗಿ ನಿಂತ. ಬೇಕೆಂದು ಯಾರೂ ಹಾಗೆ ಮಾಡಿರಲಿಲ್ಲ. ಅವಳಿಗೆ ಬರುವುದು ಶಾಲೆಯ ಕನ್ನಡ ಎಂದು ಎಲ್ಲರೂ ಅವಳಿಗೆ ಶಾಲೆಯ ಕನ್ನಡದಲ್ಲೇ ಬರೆದರು. ಬಾಯಲ್ಲಿ ತಮ್ಮದನ್ನು ಆಡಿದರು. ನಡುವೆ ಇಷ್ಟು ದೊಡ್ಡ ಹಳ್ಳ ಇದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಅಂದಿನಿಂದ ಅವನು ಒಂದೊಂದೇ ಹಳೆಯ ವಿಡಿಯೋಕ್ಕೆ ಅಕ್ಷರ ಹಾಕತೊಡಗಿದ. ಹಾರದ ಮಾತನ್ನು ತಿಳಿದುಕೊಂಡ ದಿನ ದುರ್ಗಾ ಅವ್ವನ ಮುಂದೆ ನಿಂತು ಕೊರಳಿಗೆ ಹಾರ ಹಾಕಿಕೊಂಡಂತೆ, ಗೋಡೆಗೆ ಒರಗಿ ಫೋಟೋದಂತೆ ನೆಟ್ಟಗೆ ನಿಂತು ತೋರಿಸಿದಳು. ಶಟ್ಟೆವ್ವ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ದುರ್ಗಾಗೆ ದಿನಕ್ಕೆ ಹತ್ತು ಸಂಶಯ. "ಫಜೀತಿ ಎಂದರೇನು?" "ಲಗೂನ ಎಂದರೆ ಬೇಗವೋ ಬಹಳ ಬೇಗವೋ?" "ಅವ್ವ ನಿನ್ನನ್ನು ಭಾಡ್ಯಾ ಎನ್ನುತ್ತಾಳಲ್ಲ, ಅದು ಬೈಗುಳವೇ?" ಭೀಮಶಿ ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡೇ ಉತ್ತರ ಬರೆಯುತ್ತಿದ್ದ.

ಶಟ್ಟೆವ್ವನಿಗೆ ಮಾತ್ರ ಹೊಸ ಪೇಚಾಟ ಶುರುವಾಯಿತು. ಒಂದು ದಿನ ಜಂಪರು ಹೊಲಿಸಲು ಬಂದವಳು ಹೊರಗೆ ಕಾಲಿಟ್ಟ ಕೂಡಲೇ ಶಟ್ಟೆವ್ವ ಎಂದಿನಂತೆ "ಮಾತ ಬಾಳ, ಬುದ್ಧಿ ಕಮ್ಮಿ ಐತಿ ಆಕಿಗಿ" ಎಂದು ತನ್ನಷ್ಟಕ್ಕೆ ಗೊಣಗಿದಳು. ದುರ್ಗಾ ಯಂತ್ರ ನಿಲ್ಲಿಸಿ, ಹೋದವಳ ಬೆನ್ನು ತೋರಿಸಿ, ತನ್ನ ತಲೆ ಮುಟ್ಟಿಕೊಂಡು, ಬೆರಳಿನಲ್ಲಿ ಚಿಟಿಕೆಯಷ್ಟು ಎಂದು ತೋರಿಸಿ ಕಣ್ಣು ಅರಳಿಸಿದಳು.

"ಅಯ್ಯ ಭೀಮ್ಯಾ! ಈಕಿಗಿ ತಿಳ್ಯಾಕತ್ತೇತಲ್ಲೋ!" ಎಂದಳು ಶಟ್ಟೆವ್ವ. "ಇನ್ನ ಈ ಮನ್ಯಾಗ ಮಾತಾಡೂದ ಕಠಿಣ ಆತು ಬಿಡ."

ಬೈದಂತೆ ಹೇಳಿದರೂ ಅಂದೆಲ್ಲ ಅವಳು ಅದನ್ನೇ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಹೀಗೆ ನಡೆದಿರುವಾಗ ದುರ್ಗಾ ಒಂದು ದಿನ ಕೇಳಿದಳು: "ಎಲ್ಲರೂ ಹೇಳುವ ಆ ವಿಡಿಯೋಕ್ಕೆ ಅಕ್ಷರ ಯಾವಾಗ ಹಾಕುತ್ತೀ? ಮಡಿವಾಳೆಪ್ಪ ಅಜ್ಜನದು."

ಭೀಮಶಿ ಅದನ್ನು ಬೇಕೆಂದೇ ಹಿಂದೆ ಇಟ್ಟಿದ್ದ. ಅದರ ಹೆಸರು 'ಕೆಪ್ಪ ಮಾವ'. ಅವನ ವಿಡಿಯೋಗಳಲ್ಲಿ ಜನ ಅತಿ ಹೆಚ್ಚು ನೋಡಿದ್ದು ಅದನ್ನೇ. ಕಿವಿ ಕೇಳದ ಮುದುಕನೊಬ್ಬ ಹೆಣ್ಣು ನೋಡಲು ಬೀಗರ ಮನೆಗೆ ಹೋಗಿ, ಅವರು ಒಂದು ಕೇಳಿದರೆ ತಾನೊಂದು ಹೇಳುವ ಕಥೆ. ಓಣಿಯ ಕೊನೆಯ ಮನೆಯ ಮಡಿವಾಳೆಪ್ಪ ಆ ಮುದುಕನಾಗಿದ್ದ. ಆಮೇಲೆ ರಾಮದುರ್ಗದ ಸಂತೆಗೆ ಹೋದರೂ ಜನ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. ದುರ್ಗಾ ಆ ವಿಡಿಯೋವನ್ನು ಎಷ್ಟೋ ಸಲ ಎಲ್ಲರ ನಡುವೆ ಕುಳಿತು ನೋಡಿದ್ದಳು. ಎಷ್ಟೋ ಸಲ ನಕ್ಕಿದ್ದಳು.

"ಅದು ಅಷ್ಟು ಚೆನ್ನಾಗಿಲ್ಲ," ಎಂದು ಬರೆದ.

"ನಾನು ನೋಡಿ ಹೇಳುತ್ತೇನೆ," ಎಂದಳು.

ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಅವನು ಇದ್ದದ್ದನ್ನು ಇದ್ದಂತೆಯೇ ಬರೆದು ಕೊಟ್ಟ. ಅವಳು ಓದುವಾಗ ಪಕ್ಕದಲ್ಲಿ ಕುಳಿತ. ಮುದುಕ ತಪ್ಪು ತಪ್ಪು ಉತ್ತರ ಕೊಡುವಲ್ಲಿ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಎಲ್ಲರೂ ಮುದುಕನನ್ನು ನಡುವೆ ಕೂರಿಸಿಕೊಂಡು ಅವನ ಎದುರಿಗೇ ಆಡಿಕೊಳ್ಳುವ ಭಾಗ ಬಂತು. ಮುದುಕನಿಗೆ ಏನೂ ತಿಳಿಯದು. ಯಾರ ಬಾಯಿ ಆಡುತ್ತದೋ ಅವರ ಕಡೆ ಮುಖ ಮಾಡಿ ನಗುತ್ತಾನೆ. ಕೆಳಗೆ ಅಕ್ಷರ ಮೂಡಿತು: "ಏನ ಅಂದ್ರೂ ನಕ್ಕೋಂತ ಕುಂತೈತಿ ನೋಡ ಈ ಕೆಪ್ಪ!"

ಅವಳು ವಿಡಿಯೋ ನಿಲ್ಲಿಸಿದಳು.

"ಕುಂತೈತಿ ಎಂದು ಯಾಕೆ ಬರೆದಿದ್ದೀ? ಐತಿ ಎಂಬುದು ವಸ್ತುವಿಗೆ ಎಂದು ನೀನೇ ಹೇಳಿದ್ದೆ. ಅಜ್ಜ ಮನುಷ್ಯ. ಕುಂತಾನ ಎಂದು ಆಗಬೇಕು."

"ಹೌದು. ಆದರೆ ಅವರು ಹಾಗೆಯೇ ಅನ್ನುತ್ತಾರೆ. ಕೀಳು ಮಾಡಿ ಆಡುವಾಗ."

ಅವಳು ತಡೆದು ತಡೆದು ಮತ್ತೊಂದು ಬರೆದಳು: "ಆ ನಗು ಯಾರದು?"

ಭೀಮಶಿಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಶೂಟಿಂಗಿನ ದಿನ ಮಡಿವಾಳೆಪ್ಪನಿಗೆ ನಗಲು ಸರಿಯಾಗಿ ಬಂದಿರಲಿಲ್ಲ. ಹೀಗೆ ತುಸು ತಲೆ ಓರೆ ಮಾಡಿ, ಹೀಗೆ ಕಣ್ಣು ಎತ್ತಿ ಎಂದು ಭೀಮಶಿಯೇ ನಕ್ಕು ತೋರಿಸಿದ್ದ. ಎಲ್ಲಿ ಕಲಿತೆ ಎಂದು ಅಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

"ನಿನ್ನದು," ಎಂದು ಬರೆದ.

ದುರ್ಗಾ ಮೊಬೈಲು ಬೋರಲು ಇಟ್ಟು ಯಂತ್ರದ ಕಡೆ ತಿರುಗಿದಳು. ಯಂತ್ರ ಓಡತೊಡಗಿತು. ಅಂದು, ಮರುದಿನ, ಅದರ ಮರುದಿನವೂ ಅವನು ಕಳಿಸಿದ ಯಾವುದಕ್ಕೂ ಉತ್ತರ ಬರಲಿಲ್ಲ. ತಾಟಿಗೆ ರೊಟ್ಟಿ ಹಾಕುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಶಟ್ಟೆವ್ವ ಕೇಳಿದಾಗ ಭೀಮಶಿ ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ. "ನಾನೂ ನಕ್ಕೇನೋ ಅದನ್ನ ನೋಡಿ," ಎಂದಳು ಅಷ್ಟೆ.

ಆ ವಿಡಿಯೋ ತೆಗೆದುಹಾಕುತ್ತೇನೆ ಎಂದು ಕೊನೆಗೆ ಅವನು ಬರೆದ. ಅದಕ್ಕೆ ಉತ್ತರ ಬಂತು.

"ತೆಗೆದರೆ ನಿನಗೆ ಸಮಾಧಾನ. ನನಗೆ ಏನು? ಅಕ್ಷರ ಹಾಕಿ ಅಲ್ಲಿಯೇ ಇಡು. ನನ್ನ ಶಾಲೆಯವರು ನೋಡಲಿ. ಬೈಯುವುದಕ್ಕಾದರೂ ಅವರಿಗೆ ತಿಳಿಯಬೇಕಲ್ಲ."

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು.

"ಇಷ್ಟು ವರ್ಷ ನನ್ನ ಎದುರಿಗೆ ಕುಳಿತು ನೀವೆಲ್ಲ ಏನೇನು ಮಾತಾಡಿದ್ದೀರಿ? ಅದಕ್ಕೂ ಅಕ್ಷರ ಹಾಕಿ ತೋರಿಸು."

ಅದನ್ನೆಲ್ಲ ಯಾರು ಹಿಡಿದಿಟ್ಟಿದ್ದಾರೆ ಎಂದು ಅವನು ಕೈಯಾಡಿಸಿದ. ಅವಳು ಮೂಲೆಯಲ್ಲಿದ್ದ ಕ್ಯಾಮೆರಾದ ಸ್ಟ್ಯಾಂಡ್ ತೋರಿಸಿದಳು. ಹೌದು. ಶೂಟಿಂಗಿನ ನಡುವೆ ಚಹಾಕ್ಕೆಂದು ಎದ್ದಾಗ ಸಾಗರ ಎಷ್ಟೋ ಸಲ ಕ್ಯಾಮೆರಾ ಬಂದ್ ಮಾಡುವುದನ್ನು ಮರೆಯುತ್ತಿದ್ದ. ಅಂಥ ತುಣುಕುಗಳನ್ನು ಭೀಮಶಿ ಅಳಿಸಿರಲಿಲ್ಲ.

ಹುಡುಕಿದಾಗ ಮನೆಯ ಅಂಗಳದಲ್ಲಿ ತೆಗೆದ ಒಂದು ಉದ್ದನೆಯ ತುಣುಕು ಸಿಕ್ಕಿತು. ಕಟ್ಟೆಯ ಮೇಲೆ ಶಟ್ಟೆವ್ವ, ಅವಳ ಪಕ್ಕದಲ್ಲಿ ಓಣಿಯ ಕಾಡವ್ವ. ದುರ್ಗಾ ಚಹಾ ತಂದು ಕೊಡುತ್ತಾಳೆ. ಭೀಮಶಿ ಅಂಗಡಿಯಲ್ಲಿ ಕಿವಿಗೆ ಹಚ್ಚಿಕೊಂಡು ಕೇಳಿದ. ಕೇಳಿ, ಸಾಗರನಿಗೂ ಕೇಳಿಸಿದ.

"ಕಾಡವ್ವಂದು ಅಷ್ಟ ಬಿಟ್ಟ ಬರಿಯಲೇ," ಎಂದ ಸಾಗರ. "ಪಾಪ, ಯಾಕ ಸುಮ್ಮನ ನೋಯಸ್ತಿ?"

"ಬಿಟ್ರ ಗೊತ್ತಾಗತೈತಿ. ಆಕಿ ಈಗ ಬಾಯಿ ಓದತಾಳ."

"ಗೊತ್ತಾಗದಿದ್ರ ಬಿಡತಿದ್ದೇನ?"

ಭೀಮಶಿ ಮತ್ತೆ ಕಿವಿಗೆ ಹಚ್ಚಿಕೊಂಡ. ಒಂದೂ ಬಿಡದೆ ಬರೆದ.

ಮರುದಿನ ಬೆಳಿಗ್ಗೆ ಹೊಲಿಗೆ ಯಂತ್ರದ ಮೇಲೆಯೇ ಲ್ಯಾಪ್‌ಟಾಪು ಇಟ್ಟು ಹಚ್ಚಿ ಕೊಟ್ಟ. ದುರ್ಗಾ ಸ್ಟೂಲಿನ ಮೇಲೆ ಮುಂದಕ್ಕೆ ಸರಿದು ಕುಳಿತಳು. ಪರದೆಯ ಮೇಲೆ ಅವಳೇ ಚಹಾದ ತಟ್ಟೆ ಹಿಡಿದು ಬಂದು, ನಕ್ಕು, ಕೊಟ್ಟು, ಪಕ್ಕಕ್ಕೆ ನಿಂತಳು. ಕಾಡವ್ವನ ಬಾಯಿ ಆಡಿತು.

"ಶಟ್ಟೆವ್ವಾ, ಈಕಿ ಒಬ್ಬಾಕಿ ಹಂಗ ಉಳದಬಿಟ್ಟಾಳ ನೋಡ. ಯಾರ ಮಾಡ್ಕೊಂತಾರ?"

"ಉಳದಾಳ ಅಂದ್ರ? ನನ್ನ ಮನ್ಯಾಗ ಅದಾಳ. ನಿನ್ನ ಮನ್ಯಾಗ ಉಳದಿಲ್ಲಲಾ?"

"ಸಿಟ್ಟ ಯಾಕವ್ವಾ? ಆಕಿಗೇನ ಕೇಳಸೂದಿಲ್ಲ ಬಿಡ."

"ನನಗ ಕೇಳಸ್ತೈತಿ."

ಆ ನಾಲ್ಕೂ ಮಾತನ್ನು ದುರ್ಗಾ ಓದಿದಳು. ಪರದೆಯ ಮೇಲಿನ ದುರ್ಗಾ ಅತ್ತ ಕಾಡವ್ವನನ್ನೂ ಇತ್ತ ಅವ್ವನನ್ನೂ ನೋಡಿ ನಗುತ್ತ ನಿಂತಿದ್ದಳು. ಕಾಡವ್ವ ಕಪ್ಪು ಕೆಳಗಿಟ್ಟು ಎದ್ದು ಹೋದಳು. ಭೀಮಶಿ ಅಕ್ಕನ ಮುಖ ನೋಡಲು ಹೆದರಿ ಲ್ಯಾಪ್‌ಟಾಪಿನ ಅಂಚು ನೋಡುತ್ತಿದ್ದ. ವಿಡಿಯೋ ಇನ್ನೂ ಇತ್ತು. ಅಂಗಳದಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ದುರ್ಗಾ ಶೇಂಗಾ ಒಡೆಯಲು ಕುಳಿತಳು. ಶಟ್ಟೆವ್ವ ಚಹಾ ಕುಡಿಯುತ್ತ ಮಾತಾಡಿದಳು. ಮಗಳು ಬಗ್ಗಿಸಿದ ತಲೆ ಎತ್ತಿರಲಿಲ್ಲ. ಅವ್ವ ಮಾತಾಡುತ್ತಲೇ ಇದ್ದಳು.

"ಇವತ್ತೂ ಸಕ್ರಿ ಕಮ್ಮಿ ಹಾಕೀದಿ. ಡಾಕ್ಟರ ಹೇಳಿದ್ದ ನನಗ, ನೆನಪ ನಿನಗ. ಎಮ್ಮಿ ಮುಂಜಾನಿ ಹಾಲ ಕೊಡಲಿಲ್ಲ ನೋಡ, ನಿನ್ನ ಹಂಗ ಸಿಟ್ಟಿಂದು ಅದು. ಕೈ ಹೆಂಗ ಒಣಗ್ಯಾವ ನಿನ್ನವು, ಎಣ್ಣಿ ಹಚ್ಕೋ ಅಂದ್ರ ಕೇಳೂದಿಲ್ಲ ನೀ." ಇಲ್ಲಿ ಶಟ್ಟೆವ್ವ ತಡೆದು, ತನಗೆ ತಾನೇ ನಕ್ಕಳು. "ಕೇಳೂದಿಲ್ಲ ಅಂತ ಬೈಯ್ತೇನಿ ನೋಡ, ಹುಚ್ಚಿ ನಾ. ಆಕಿ ಮಾತ ಮನಸಿಗಿ ಹಚ್ಕೋಬ್ಯಾಡವಾ. ನೋಡ, ಹೆಂಗ ಕುಂತೈತಿ ನನ್ನ ಕೂಸು. ಎಷ್ಟ ಚಂದ ಐತಿ."

ದುರ್ಗಾ ಅಲ್ಲಿ ನಿಲ್ಲಿಸಿದಳು. ಬೆರಳಿಟ್ಟು ಆ ಎರಡು ಮಾತು ತೋರಿಸಿದಳು. ಕುಂತೈತಿ. ಐತಿ.

"ಅವ್ವ ಕೂಡ?" ಎಂದು ಬರೆದಳು.

ಭೀಮಶಿಗೆ ಆಗ ತಿಳಿಯಿತು ಅವಳು ಏನು ಓದಿದ್ದಾಳೆಂದು. ಅವಸರದಲ್ಲಿ ಬರೆದ: "ಇಲ್ಲ ಅಕ್ಕಾ. ಪ್ರೀತಿಗೂ ಹಾಗೆ ಅನ್ನುತ್ತಾರೆ. ಸಣ್ಣ ಕೂಸಿಗೆ ಅನ್ನುತ್ತಾರಲ್ಲ, ಹಾಗೆ."

"ಕೀಳು ಮಾಡುವಾಗಲೂ ಅದೇ, ಪ್ರೀತಿಗೂ ಅದೇ. ಯಾವುದು ಯಾವುದೆಂದು ನಿಮಗೆ ಹೇಗೆ ತಿಳಿಯುತ್ತದೆ?"

ಧ್ವನಿಯಲ್ಲಿ ತಿಳಿಯುತ್ತದೆ ಎಂದು ಅವನು ಬರೆಯಲು ಹೋದ. ಅರ್ಧ ಬರೆದು ಅಳಿಸಿದ. ಅವ್ವನ ಧ್ವನಿ ಆ ಮಾತಿನಲ್ಲಿ ಎಷ್ಟು ಮೆತ್ತಗಾಗಿತ್ತು, ಕೂಸು ಎನ್ನುವಾಗ ಹೇಗೆ ಎಳೆದಿದ್ದಳು, ಇದನ್ನು ಯಾವ ಅಕ್ಷರದಲ್ಲಿ ಹಾಕುವುದು? ದುರ್ಗಾ ಅವನನ್ನು ನೋಡಿದಳು. ಆಮೇಲೆ ತಾನೇ ವಿಡಿಯೋ ಹಿಂದಕ್ಕೆ ತಂದು, ಅಕ್ಷರದ ಮೇಲೆ ಅಂಗೈ ಅಡ್ಡ ಹಿಡಿದು, ಅವ್ವನ ಮುಖವನ್ನಷ್ಟೇ ನೋಡಿದಳು. ಮತ್ತೊಮ್ಮೆ ತಂದು ನೋಡಿದಳು. ಕಾಡವ್ವನಿಗೆ ಉತ್ತರ ಕೊಡುವಾಗಿನ ಮುಖ ನೋಡಿ, ಮತ್ತೆ ಇಲ್ಲಿಗೆ ಬಂದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ತಿಳಿಯಿತು," ಎಂದು ಬರೆದಳು.

ಅಷ್ಟರಲ್ಲಿ ಶಟ್ಟೆವ್ವ ಎಮ್ಮೆಗೆ ಮೇವು ಹಾಕಿ ಒಳಗೆ ಬಂದಳು. ಮಗಳ ಮುಖ ನೋಡಿ ಗಾಬರಿಯಾದಳು. "ಏನ ತೋರಿಸಿದ್ಯೋ ಆಕಿಗಿ?"

"ನೀ ಮಾತಾಡಿದ್ದ. ಶೇಂಗಾ ಒಡಿಯೂ ಮುಂದ."

"ನಾನೇನ ಅಂದಿದ್ನಿ?"

ಭೀಮಶಿ ಹೇಳಿದ. ಶಟ್ಟೆವ್ವನಿಗೆ ಅದು ನೆನಪೇ ಇರಲಿಲ್ಲ. ಅಂಥ ಮಾತನ್ನು ದಿನವೂ ಆಡುತ್ತಿದ್ದಳು.

"ಆಕಿಗಿ ಕೇಳಸೂದಿಲ್ಲಂತ ಗೊತ್ತಿದ್ದೂ ಯಾಕ ಮಾತಾಡ್ತಿಬೇ ಅಷ್ಟ?" ಎಂದು ಕೇಳಿದ.

"ಮತ್ತೇನ ಮಾಡ್ಲಿ? ಮಗಳ ಮುಂದ ಕುಂತಿರ್ತಾಳ. ಮಾತ ಬರ್ತಾವ."

ದುರ್ಗಾ ಎದ್ದು ಬಂದು ಅವ್ವನ ಎರಡೂ ಹೆಗಲು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು. ಇನ್ನು ಮಾತಾಡು ಎಂದು ಸನ್ನೆ ಮಾಡಿದಳು. ಮಾತಾಡು ಎಂದರೆ ಶಟ್ಟೆವ್ವನಿಗೆ ಆ ಹೊತ್ತಿಗೆ ಏನೂ ತೋಚಲಿಲ್ಲ. "ಎಮ್ಮಿ ನೀರ ಕುಡದೈತಿ" ಎಂದಳು. ದುರ್ಗಾ ತಲೆಯಾಡಿಸಿ, ಎಮ್ಮೆಯ ಸನ್ನೆ ಮಾಡಿ, ಕುಡಿಯುವ ಸನ್ನೆ ಮಾಡಿದಳು. ಶಟ್ಟೆವ್ವ ಮಗಳನ್ನು ಎದೆಗೆ ಅವುಚಿಕೊಂಡಳು. ಅವುಚಿಕೊಂಡು ಮತ್ತೇನೋ ಹೇಳತೊಡಗಿದವಳು, ಮುಖ ಕಾಣುವುದಿಲ್ಲವೆಂದು ನೆನಪಾಗಿ, ಅವಳನ್ನು ದೂರ ಹಿಡಿದು ಮೊದಲಿನಿಂದ ಹೇಳಿದಳು.

'ಕೆಪ್ಪ ಮಾವ' ಅಕ್ಷರದೊಂದಿಗೆ ಹಾಗೆಯೇ ಉಳಿಯಿತು. ದುರ್ಗಾ ಅದನ್ನು ತನ್ನ ಶಾಲೆಯ ಗೆಳತಿಯರಿಗೆಲ್ಲ ಕಳಿಸಿದಳು. ಕೆಳಗೆ ಬೈಗುಳ ಬರತೊಡಗಿದವು. ಅವನ್ನು ಅಳಿಸಿಬಿಡು ಎಂದ ಸಾಗರ. ಭೀಮಶಿ ಅಳಿಸಲಿಲ್ಲ, ಒಬ್ಬೊಬ್ಬರಿಗೂ ತಪ್ಪಾಯಿತೆಂದು ಬರೆದ. ರಾಮದುರ್ಗದಲ್ಲಿರುವ ರಾಣಿ ಎಂಬವಳು ಎಲ್ಲರಿಗಿಂತ ಖಾರವಾಗಿ ಬರೆದಿದ್ದಳು. ಅವನ ಉತ್ತರ ಓದಿ ಮತ್ತೆ ಕೇಳಿದಳು: "ಕ್ಷಮೆ ಕೇಳಿದ್ದು ಇರಲಿ. ಉಳಿದ ವಿಡಿಯೋಗಳಿಗೆ ಅಕ್ಷರ ಯಾವಾಗ?"

ಸುದ್ದಿ ತಿಳಿದು ಮಡಿವಾಳೆಪ್ಪನೂ ಬಂದ. ಬಾಗಿಲಲ್ಲೇ ನಿಂತು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಿಟ್ಟ ಐತೇನಬೇ ನನ್ನ ಮ್ಯಾಲ?"

ಅವನ ಹಲ್ಲಿಲ್ಲದ ಬಾಯಿ ಓದುವುದು ಸುಲಭವಿರಲಿಲ್ಲ. ದುರ್ಗಾ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಹೆಬ್ಬೆರಳು ತೋರುಬೆರಳು ಕೂಡಿಸಿ, ಇಷ್ಟು ಇದೆ ಎಂದು ತೋರಿಸಿ, ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಮುಂದಿನ ವಿಡಿಯೋ ಮನೋಳಿಯಲ್ಲಿ, ಮಲಪ್ರಭೆಯ ದಂಡೆಯಲ್ಲಿ. ಅತ್ತೆ ಸೊಸೆ ಬಟ್ಟೆ ಒಗೆಯಲು ಹೋದ ಕಥೆ. ದುರ್ಗಾ ಈ ಸಲ ಯಂತ್ರಕ್ಕೆ ಬಟ್ಟೆ ಹೊದಿಸಿ ಜೊತೆಗೆ ಬಂದಿದ್ದಳು. ಅಕ್ಷರ ಯಾವ ಹೊತ್ತಿಗೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನೆಲ್ಲ ಈಗ ಅವಳೇ ನೋಡುತ್ತಿದ್ದಳು. ಅದಕ್ಕೆಂದೇ ಮೊದಲು ಮಾತುಗಳನ್ನು ಓದಿಕೊಂಡು, ಸಾಗರನ ಪಕ್ಕದಲ್ಲಿ ಕುಳಿತಳು.

ಹೊಳೆಯ ಗಾಳಿ ಜೋರಾಗಿತ್ತು. ಶಟ್ಟೆವ್ವ ಸೀರೆ ಹಿಂಡುತ್ತ ಉದ್ದಕ್ಕೆ ಮಾತಾಡಿ ಮುಗಿಸಿದಳು. ಭೀಮಶಿ "ಬೆಷ್ಟ ಆತು!" ಎಂದ. ಅಷ್ಟರಲ್ಲಿ ದುರ್ಗಾ ಕೈ ಎತ್ತಿದಳು. ಅವ್ವ ನಡುವೆ ಮುಖ ತಿರುಗಿಸಿ ಹೊಳೆಯ ಕಡೆ ಏನೋ ಅಂದಳು, ಅದು ಕಾಣಲಿಲ್ಲ ಎಂದು ಸನ್ನೆಯಲ್ಲಿ ತಿಳಿಸಿದಳು.

"ಏನ ಅಂದಿಬೇ ಅಲ್ಲಿ?" ಎಂದು ಭೀಮಶಿ ಕೇಳಿದ. ಗಾಳಿಯಲ್ಲಿ ಅವನಿಗೂ ಕೇಳಿಸಿರಲಿಲ್ಲ.

"ಮಾತ ಮರ್ತ ಹೋತೋ. ಏನೋ ಒಂದ ಅಂದೆ."

"ಏನೋ ಒಂದ ನಡ್ಯಾಂಗಿಲ್ಲ. ಅಕ್ಕ ಬಿಡೂದಿಲ್ಲ ಈಗ."

ಶಟ್ಟೆವ್ವ ಹಿಂಡಿದ ಸೀರೆಯನ್ನು ಮತ್ತೆ ನೀರಿಗೆ ಅದ್ದಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಖ ಒರೆಸಿಕೊಂಡು, ಕ್ಯಾಮೆರಾವನ್ನು ಬಿಟ್ಟು ಅದರ ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿ ನಿಂತಳು.

"ಈಗ ಕಾಣತೈತೇನ ನನ್ನ ಬಾಯಿ?" ಎಂದು ಕೇಳಿದಳು.

ದುರ್ಗಾ ಕೈ ಕೆಳಗಿಳಿಸಿದಳು. ಸಾಗರ ಕ್ಯಾಮೆರಾ ಚಾಲೂ ಮಾಡಿದ.